ಎರಡು ನೆರಳಿನ ಬೆಕ್ಕು

ಬಿದಿರು ಮೂರು ಸಲ ಹೂಬಿಟ್ಟದ್ದನ್ನು ಕಂಡ ಮುದುಕಿಯರಿಗೂ ನೆನಪಿಲ್ಲದಷ್ಟು ಹಿಂದೆ ಕೊಂಬುಗಲ್ಲು ಎಂಬ ರಾಜ್ಯವಿತ್ತು. ಅಲ್ಲಿಯ ಅರಮನೆಯಲ್ಲೊಂದು ಪದ್ಧತಿ. ಏನು ಕೆಡುಕಾದರೂ ನಗಾರಿ ಬಾರಿಸಿ ಓಡಿಸುವುದು. ಹಾಲು ಒಡೆದರೆ ನಗಾರಿ, ರಾಜನಿಗೆ ಸೀನು ಬಂದರೆ ನಗಾರಿ. ಕೆಡುಕು ಓಡುತ್ತಿತ್ತೋ ಇಲ್ಲವೋ, ಊರಿನ ಕೂಸುಗಳ ನಿದ್ದೆಯಂತೂ ಓಡುತ್ತಿತ್ತು.

ರಾಜ ವೀರಕಂಠನಿಗೆ ಒಬ್ಬಳೇ ಮಗಳು, ಹೊನ್ನಾಂಬಿಕೆ. ಅವಳ ಮುದ್ದಿನ ಬೆಕ್ಕು ಮುತ್ತಿ. ಆಸ್ಥಾನದ ಮಂತ್ರವಾದಿ ಧೂಮಕೇಶ ಅವಳನ್ನು ಮದುವೆಯಾಗಲು ಕೇಳಿದ. ಅವಳು ಒಲ್ಲೆ ಎಂದಳು. ಅವನು ನಗುತ್ತಲೇ ಹೋದ.

ಮರುದಿನ ಬೆಳಗ್ಗೆ ಹೊನ್ನಾಂಬಿಕೆಗೆ ನೆರಳಿರಲಿಲ್ಲ. ಮುತ್ತಿಗೆ ಎರಡು ನೆರಳಿದ್ದವು. ಒಂದು ಬೆಕ್ಕಿನದು, ಇನ್ನೊಂದು ಜಡೆ ಇಳಿಬಿಟ್ಟ ಹುಡುಗಿಯದು.

"ಬೆಕ್ಕಿಗೆ ಭೂತ ಹಿಡಿದಿದೆ ಪ್ರಭು. ನಗಾರಿ ಬಾರಿಸಿ, ಜೋರಾಗಿ ಬಾರಿಸಿ" ಎಂದ ಧೂಮಕೇಶ.

ಬಾರಿಸಿದರು. ಮುತ್ತಿ ಬೆದರಿ, ರಾಜಕುಮಾರಿಯ ಗೊಂಬೆಗಳನ್ನು ಜೋಡಿಸಿಟ್ಟಿದ್ದ ಗೊಂಬೆಮನೆಗೆ ನುಗ್ಗಿತು. ಕಾವಲುಗಾರರು ಕಿಟಕಿ ಬಾಗಿಲು ಮುಚ್ಚಿ, ಈಟಿ ಹಿಡಿದು ಅದನ್ನು ಮೂಲೆಗೊತ್ತಿದರು. ಹೋದವರೆಲ್ಲ ಮುಖ ಪರಚಿಸಿಕೊಂಡು ಬಂದರು. ನಗಾರಿಯ ಸದ್ದಿಗೊಂದು ಗೇಣಿನಂತೆ ಬೆಕ್ಕು ಬೆಳೆಯಿತು, ಕರುವಿನಷ್ಟಾಯಿತು. ಇತ್ತ ಹೊನ್ನಾಂಬಿಕೆ ತೆಳುವಾಗತೊಡಗಿದಳು. ಅಂಗೈ ಎತ್ತಿದರೆ ಅದರಾಚೆಯ ಗೋಡೆ ಕಾಣುತ್ತಿತ್ತು. ಮೂರು ದಿನದೊಳಗೆ ನೆರಳು ಬಾರದಿದ್ದರೆ, ಮೂರನೆಯ ಸಂಜೆ ಹೊತ್ತು ಮುಳುಗುವಾಗ ಅವಳು ಇಲ್ಲವಾಗುತ್ತಾಳೆ ಎಂದು ಜೋಯಿಸರು ಹೇಳಿದರು.

ಅರಮನೆಗೆ ಬುಟ್ಟಿ ಹೆಣೆದು ತರುತ್ತಿದ್ದ ಮೇದರ ಹುಡುಗಿ ದೇವೀರಿ ಇದನ್ನು ಕೇಳಿದಳು. ಬುಟ್ಟಿ ಇಳಿಸಿ ರಾಜನ ಮುಂದೆ ನಿಂತಳು.

"ಬುದ್ಧಿ, ಅದು ಹೆದರ್ಕಂಡದೆ."

"ಹೆದರಿದ್ದಾ? ಹನ್ನೆರಡು ಜನರನ್ನು ಸಿಗಿದು ಹಾಕಿದೆ!"

"ಹೆದರಿದ್ಕೇ ಸಿಗೀತದೆ. ಮೊದ್ಲು ಆ ನಗಾರಿ ನಿಲ್ಸಿ. ಪಾಪ, ಕಿವಿ ಮುಚ್ಕಳಕೂ ಅದ್ಕೆ ಬರಾಕಿಲ್ಲ."

"ಅದು ನಮ್ಮ ತಾತನ ಕಾಲದ ಪದ್ಧತಿ."

"ಹಂಗಾರೆ ಇನ್ನೊಂದ್ಸಲ ಬಾರ್ಸಿ. ಬಾಗ್ಲ ಸಂದಿಂದ ನೀವೇ ನೋಡಿ."

ರಾಜ ನೋಡಿದ. ಒಂದೊಂದು ಪೆಟ್ಟಿಗೂ ಬೆಕ್ಕಿನ ನೆರಳು ಗೋಡೆಯ ಮೇಲೆ ಏರಿತು. ಪಕ್ಕದಲ್ಲಿ ಮಗಳ ನೆರಳು ಬಾಯಿ ತೆರೆದು ಚೀರಿತು. ಸದ್ದು ಮಾತ್ರ ಬರಲಿಲ್ಲ. ರಾಜ ಕೈಯೆತ್ತಿದ. ಆ ಕ್ಷಣವೇ ನಗಾರಿ ನಿಂತಿತು. ಅಂದು ಮಧ್ಯಾಹ್ನ ಧೂಮಕೇಶನ ರುಮಾಲು ಜಾರಿ ಕಿವಿಯ ಮೇಲೆ ಕೂತಿತ್ತು. ಅವನು ಕುಗ್ಗುತ್ತಿದ್ದಾನೆಂದು ಯಾರಿಗೂ ಹೊಳೆಯಲಿಲ್ಲ.

ಎರಡನೆಯ ದಿನ ದೇವೀರಿ ಕಾವಲುಗಾರರನ್ನು ಕಳಿಸಿ, ಕಿಟಕಿ ತೆರೆಸಿ, ಒಂದು ದೊಡ್ಡ ಬುಟ್ಟಿಯೊಡನೆ ಗೊಂಬೆಮನೆಗೆ ಹೋದಳು. ಬುಟ್ಟಿಯನ್ನು ಅಡ್ಡ ಮಲಗಿಸಿ, ಒಳಗೆ ಹೊನ್ನಾಂಬಿಕೆಯ ಹಳೆಯ ಸೀರೆ ಹಾಸಿದಳು. ಬೆಕ್ಕಿನ ಕಣ್ಣಿಗೆ ಕಣ್ಣು ಕೊಡದೆ ಪಕ್ಕಕ್ಕೆ ತಿರುಗಿ ಕೂತಳು. ಸಾಲಾಗಿ ಕೂತ ಗೊಂಬೆಗಳೆಲ್ಲ ಕತ್ತು ಹೊರಳಿಸಿ ಅವಳನ್ನೇ ನೋಡಿದವು.

ಬೆಕ್ಕು ಹಾರಿತು. ಅವಳ ತೋಳು ಸೀಳಿತು. ದೇವೀರಿ ಕೂಗಲಿಲ್ಲ, ಹೊಡೆಯಲಿಲ್ಲ. ಮೆಲ್ಲಗೆ ಹಿಂದೆ ಸರಿದು, ತೋಳಿಗೆ ಸೆರಗು ಸುತ್ತಿ, ಒಣಮೀನಿನ ಚೂರುಗಳನ್ನು ದೂರದಲ್ಲಿಟ್ಟು ಮತ್ತೆ ಕೂತಳು. ಭಯವಾಗಿತ್ತು, ಬಹಳ ಭಯವಾಗಿತ್ತು. ಆದರೂ ಕೂತಳು. ಸಂಜೆಗೆ ಮೀನಿರಲಿಲ್ಲ. ಬುಟ್ಟಿಯೊಳಗೆ ಎರಡು ಕಣ್ಣು ಹೊಳೆಯುತ್ತಿದ್ದವು. ಬೆಕ್ಕು ಕುಗ್ಗಿ ನಾಯಿಯಷ್ಟಾಗಿತ್ತು.

ಮೂರನೆಯ ಸಂಜೆ ಅವಳು ಹೊನ್ನಾಂಬಿಕೆಯನ್ನೇ ಕರೆತಂದಳು. ರಾಜಕುಮಾರಿ ಈಗ ನೀರಿನ ಮೇಲಿನ ಗೆರೆಯಷ್ಟೇ ಕಾಣುತ್ತಿದ್ದಳು.

"ಮುತ್ತೀ!" ಎಂದು ಓಡಹೊರಟವಳನ್ನು ದೇವೀರಿ ತಡೆದಳು.

"ಓಡ್ಬ್ಯಾಡಿ ತಾಯಿ. ಕೂತ್ಕಳಿ. ಅದೇ ಬರ್ಲಿ."

"ಹೊತ್ತು ಮುಳುಗುತ್ತಿದೆ ದೇವೀರಿ. ಅದು ಬರದಿದ್ದರೆ?"

"ಗೊತ್ತಿಲ್ಲ ತಾಯಿ. ಹಿಡ್ಯಕ್ಕೋದ್ರೆ ಬರಾಕಿಲ್ಲ ಅನ್ನೋದು ಮಾತ್ರ ಗೊತ್ತು."

ಹೊನ್ನಾಂಬಿಕೆ ಕೂತಳು. ಪ್ರಾಣ ಹೋಗುವ ಹೊತ್ತಿನಲ್ಲಿ ಸುಮ್ಮನೆ ಕೂರುವುದೆಂದರೆ ಹುಡುಗಾಟವಲ್ಲ. ಮುತ್ತಿ ಬುಟ್ಟಿಯಿಂದ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು.

ಅಷ್ಟರಲ್ಲಿ ಅಂಗಳದಲ್ಲಿ ನಗಾರಿ ಮೊಳಗಿತು. ಧೂಮಕೇಶ ತಾನೇ ಬಾರಿಸುತ್ತಿದ್ದ, ಮಗುವಿನಷ್ಟು ಎತ್ತರದ ಧೂಮಕೇಶ! ಮುತ್ತಿಯ ಮೈಯೆಲ್ಲ ಸೆಟೆಯಿತು. ಛಂಗನೆ ಬುಟ್ಟಿಯೊಳಗೆ ನುಗ್ಗಿ, ಹಳೆಯ ಸೀರೆಯಲ್ಲಿ ಮೂತಿ ಹುದುಗಿಸಿತು. ನಡುಗಿತು, ಆದರೆ ಬೆಳೆಯಲಿಲ್ಲ. ಅಡಗಲು ಅದಕ್ಕೀಗ ಒಂದು ಜಾಗವಿತ್ತು.

ಬೆಕ್ಕಿನ ದಿಗಿಲಿನಿಂದಲೇ ಬದುಕಿದ್ದ ಮಾಟ ಹಸಿದು ತನ್ನ ಒಡೆಯನನ್ನೇ ತಿನ್ನತೊಡಗಿತು. ಧೂಮಕೇಶ ಒಂದೊಂದು ಪೆಟ್ಟಿಗೂ ಕುಗ್ಗಿದ. ಮೊಳವಾದ, ಗೇಣಾದ, ಬೆರಳಾದ. ಸೊಳ್ಳೆಯ ದನಿಯಂಥದ್ದೊಂದು ಕೇಳಿಸಿತು. ಕೊನೆಗೆ ನಗಾರಿಯ ಮೇಲೆ ಕೋಲೊಂದೇ ಉರುಳುತ್ತಿತ್ತು.

ಸದ್ದಡಗಿತು. ಸೂರ್ಯ ಎಳೆಯಷ್ಟು ಉಳಿದಿದ್ದ. ಹೊನ್ನಾಂಬಿಕೆ ಮುತ್ತಿಯ ಕಡೆ ನೋಡಿ ಮೆಲ್ಲಗೆ ಕಣ್ಣು ಮುಚ್ಚಿದಳು, ಮೆಲ್ಲಗೆ ತೆರೆದಳು. ಮುತ್ತಿಯೂ ಹಾಗೆಯೇ ಮಾಡಿತು. ಎದ್ದು ಬಂದು, ಕಣ್ಣಿಗೆ ಕಾಣದ ಬೆರಳನ್ನು ಮೂಸಿ, ಅದಕ್ಕೆ ತನ್ನ ಹಣೆ ಒತ್ತಿತು. ಜಡೆಯ ನೆರಳು ನೆಲದ ಮೇಲೆ ಹರಿದು ಬಂದು ಹೊನ್ನಾಂಬಿಕೆಯ ಪಾದ ಸೇರಿತು. ಬೆರಳು ತುಂಬಿತು, ಕೈ ತುಂಬಿತು, ಕಣ್ಣೂ ತುಂಬಿತು. ಆಗಲೂ ಅವಳು ಬೆಕ್ಕನ್ನು ಬಾಚಿಕೊಳ್ಳಲಿಲ್ಲ. ಮತ್ತೆ ಮೊದಲಿನಷ್ಟೇ ಪುಟ್ಟದಾಗಿದ್ದ ಮುತ್ತಿ ತಾನೇ ಮಡಿಲೇರಿತು.

ದೇವೀರಿ ಆ ಅರಮನೆಯಲ್ಲೇ ರಾಜಕುಮಾರಿಯ ಗೆಳತಿಯಾಗಿ ಉಳಿದಳು. ಎಲ್ಲರೂ ಸುಖವಾಗಿದ್ದರು. ನಗಾರಿಯ ಚರ್ಮ ಬಿಚ್ಚಿ ಒಳಗೆ ಮೆತ್ತನೆಯ ಬಟ್ಟೆ ಹಾಸಿದರು. ಮುತ್ತಿ ಅದರಲ್ಲಿ ನಾಲ್ಕು ಮರಿ ಹಾಕಿತು. ಅಂದಿನಿಂದ ಸೀನು ಬಂದರೆ ವೀರಕಂಠ ಮಹಾರಾಜ ಬಾಯಿಗೆ ಶಲ್ಯ ಒತ್ತಿಕೊಂಡು, ತುದಿಗಾಲಿನಲ್ಲಿ ಹೊರಗೆ ಹೋಗಿ ಸೀನಿ ಬರುತ್ತಿದ್ದ.