ದೋಣಿಯ ಕೆಂಪು ಗೆರೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಮನೆ ಬದಲಿಸುವ ಮುಂಚೆ ಆಚೆ ದಡದ ಹೊಸ ಮನೆಯ ಅಳತೆ ತರಲು ಹಾಡಹಗಲಲ್ಲೇ ಹೋಗಿದ್ದೆ. ಬೀರು ಎಲ್ಲಿ, ಮಂಚ ಎಲ್ಲಿ ಎಂದೆಲ್ಲ ಬರೆದುಕೊಂಡೆ. ಹಿಂದಿನವರು ಬಿಟ್ಟುಹೋಗಿದ್ದ ಖಾಲಿ ರಟ್ಟಿನ ಪೆಟ್ಟಿಗೆಗಳು ಅಲ್ಲಿದ್ದವು. ಸಾಮಾನು ತುಂಬಲು ಆಗುತ್ತವೆಂದು ದೋಣಿಗೆ ಹಾಕಿಸಿದೆ.

ಭಾರ ಹೆಚ್ಚಾದರೆ ಮಾತ್ರ ದೋಣಿಯ ಕೆಂಪು ಗೆರೆ ನೀರಿಗಿಳಿಯುತ್ತದೆ. ಅವತ್ತು ಇಳಿದಿತ್ತು.

"ಅಕ್ಕಾ, ಪೆಟ್ಟಿಗೇಲಿ ಏನು ತುಂಬಿದ್ದೀರಿ?" ಎಂದ ಅಂಬಿಗ.

"ಗಾಳಿ," ಎಂದು ನಕ್ಕೆ. ಆದರೆ ಅಷ್ಟು ಬಿಸಿಲಲ್ಲೂ ನನ್ನ ಪಕ್ಕದ ಹಲಗೆ ತಣ್ಣಗೆ ಕೊರೆಯುತ್ತಿತ್ತು.

ನಮ್ಮ ದಡದಲ್ಲಿ ಪೆಟ್ಟಿಗೆ ಇಳಿಸಿದೆವು. ನಾನೂ ಇಳಿದೆ, ಅಂಬಿಗನೂ ಇಳಿದ. ಗೆರೆ ಮಾತ್ರ ಮೇಲೆ ಬರಲಿಲ್ಲ.

"ನೀವು ಮನೆಗೆ ನಡೀರಿ," ಎಂದ, ನನ್ನ ಮುಖ ನೋಡದೆ.

ಎದುರಿಗೇ ನಮ್ಮ ಮನೆ. ಅತ್ತೆ ಬಾಗಿಲು ತೆಗೆದರು. ಅವರಿಗೆ ಕಣ್ಣು ಅಷ್ಟಕ್ಕಷ್ಟೆ, ಕಿವಿ ಮಾತ್ರ ಬಲು ಚುರುಕು. ನಾನು ಒಳಗೆ ಬಂದ ಮೇಲೂ ಬಾಗಿಲು ಹಿಡಿದೇ ನಿಂತಿದ್ದರು.

"ಹಾಕಿ ಅತ್ತೆ."

"ತಡಿಯಮ್ಮ, ನಿನ್ನ ಹಿಂದೆ ಬಂದೋರು ಒಳಗೆ ಬರಲಿ."

ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ಹಾಕಿದರು. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಕೆಂಪು ಗೆರೆ ನೀರಿನಿಂದ ಒಂದು ಗೇಣು ಮೇಲಿತ್ತು.