ಹಂಬಲಮಾಪಕ

ಬಾರ್ಬೊರಾಳ ಮಣಿಕಟ್ಟಿಗೆ ತೊಗಲಿನ ಪಟ್ಟಿ ಬಿಗಿದು, ಬೆರಳುಗಳಿಗೆ ತಾಮ್ರದ ಉಂಗುರ ತೊಡಿಸಿ, ಡಾಕ್ಟರ್ ಪ್ರೆಂಟಿಸ್ ಅವಳ ಹಳ್ಳಿಯ ಹೆಸರನ್ನು ಮೆಲ್ಲಗೆ ಉಚ್ಚರಿಸಿದರು. ಗಾಜಿನೊಳಗಿನ ಮುಳ್ಳು ನಡುಗಿತು. "ನಿಮ್ಮ ಮನೆ" ಎಂದರು, ಅದು ಮೇಲೇರಿತು. "ನಿಮ್ಮ ಗಂಡನ ಸಮಾಧಿ" ಎಂದಾಗ ಮುಳ್ಳು ಕೆಂಪು ಗೆರೆಯನ್ನು ದಾಟಿಹೋಗಿ ನಿಂತಿತು.

ಆ ಯಂತ್ರದ ಹೆಸರು ಹಂಬಲಮಾಪಕ. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತ ಬಂದಿದ್ದ ಕಾಲವದು. ಅಮೆರಿಕದ ಪಶ್ಚಿಮಕ್ಕೆ ಹಳಿ ಹಾಸುತ್ತಿದ್ದ ಒಂದು ರೈಲು ಕಂಪನಿಗೆ ಹಳಿಯ ಎರಡೂ ಬದಿಯ ಬಯಲನ್ನು ಸರ್ಕಾರ ಬಿಟ್ಟುಕೊಟ್ಟಿತ್ತು. ಹಡಗಿನಲ್ಲಿ ಬಂದಿಳಿದ ವಲಸೆಗಾರರಿಗೆ ಕಂಪನಿ ಆ ನೆಲವನ್ನು ಹಂಚುತ್ತಿತ್ತು. ಅವರು ಗೋಧಿ ಬೆಳೆದರೆ ತಾನೆ ಗಾಡಿಗಳಿಗೆ ಸರಕು! ಆದರೆ ಎಷ್ಟೋ ಮಂದಿ ಒಂದು ಚಳಿಗಾಲ ಕಳೆಯುವುದರೊಳಗೆ ಊರಿನ ನೆನಪಿಗೆ ಸೋತು ಹಿಂದಿರುಗುತ್ತಿದ್ದರು. ಇದಕ್ಕೆ ಮದ್ದು ಹುಡುಕಲು ಕಂಪನಿ ಡಾಕ್ಟರ್ ಪ್ರೆಂಟಿಸರನ್ನು ನೇಮಿಸಿತ್ತು. ಊರು ನೆನಪಾದಾಗ ಮನುಷ್ಯನ ನಾಡಿ ಬದಲಾಗುತ್ತದೆ, ಬೆರಳ ತುದಿ ಕಣ್ಣಿಗೆ ಕಾಣದಷ್ಟು ಬೆವರುತ್ತದೆ, ಒದ್ದೆ ಚರ್ಮದ ಮೂಲಕ ವಿದ್ಯುತ್ತು ಸಲೀಸಾಗಿ ಹರಿಯುತ್ತದೆ. ಅದನ್ನು ಅಳೆದರೆ ಹಂಬಲವನ್ನೇ ಅಳೆದಂತೆ ಎಂಬುದು ಅವರ ಸಿದ್ಧಾಂತವಾಗಿತ್ತು. ಬಂದರಿನಲ್ಲೇ ಪರೀಕ್ಷೆ ನಡೆಯುತ್ತಿತ್ತು; ಮುಳ್ಳು ಗೆರೆ ದಾಟಿದವರಿಗೆ ಭೂಮಿ ಇಲ್ಲ.

ಬಾರ್ಬೊರಾ ಬೊಹೀಮಿಯಾದವಳು, ಜರ್ಮನ್ ಬಲ್ಲವಳು. ಡಾಕ್ಟರರೂ ಆ ಭಾಷೆಯಲ್ಲೇ ಮಾತನಾಡಿದರು. ಅವರ ದನಿಯಲ್ಲಿ ಗಡಸು ಇರಲಿಲ್ಲ.

"ನೋಡಮ್ಮ, ತಪ್ಪು ತಿಳಿಬೇಡಿ. ಊರಿನ ಮೇಲೆ ಇಷ್ಟು ಜೀವ ಇಟ್ಟುಕೊಂಡವರು ಆ ಬಯಲಲ್ಲಿ ನಿಲ್ಲೋದಿಲ್ಲ."

ಪಕ್ಕದಲ್ಲಿ, ಊರಿಂದ ಹೊತ್ತು ತಂದ ಹೆಬ್ಬಾತಿನ ಗರಿಯ ಮೂಟೆಯ ಮೇಲೆ ಕುಳಿತಿದ್ದ ಅತ್ತೆ ಲುಡ್ಮಿಲಾ ಜಪಮಾಲೆ ನಿಲ್ಲಿಸಿ ತಲೆಯೆತ್ತಿದಳು. "ನನ್ನ ಮಗನ ಸಮಾಧಿ ಅಂದಾಗ ಆ ಕಡ್ಡಿ ಅಲ್ಲಾಡದೆ ಇದ್ದಿದ್ರೆ ನಾನೇ ಇವಳನ್ನ ಸಮುದ್ರಕ್ಕೆ ನೂಕ್ತಿದ್ದೆ, ಡಾಕ್ಟ್ರೇ."

ತಲೆತಲಾಂತರದಿಂದ ಜಮೀನ್ದಾರನ ಹೊಲದಲ್ಲಿ ದುಡಿದ ಮನೆತನ ಅವರದು. ಯಾರೂ ಎಬ್ಬಿಸಲಾಗದ ಒಂದು ತುಂಡು ನೆಲ ಬೇಕೆಂದು ಹಂಬಲಿಸುತ್ತಲೇ ಬಾರ್ಬೊರಾಳ ಗಂಡ ಕಣ್ಣುಮುಚ್ಚಿದ್ದ. ಆ ನೆಲವನ್ನು ಪಡೆಯದೆ ಹಿಂದಿರುಗುವುದಿಲ್ಲವೆಂದು ಅವಳು ದೇವರ ಮುಂದೆ ಹೇಳಿ ಬಂದಿದ್ದಳು. ಅಲ್ಲಿಗೆ ಬಟ್ಟೆ ಒಗೆಯಲು ಹೋಗುವವರಿಗೂ ಈ ಪರೀಕ್ಷೆ ಉಂಟೇ ಎಂದು ಕೇಳಿದಳು. ಇಲ್ಲವೆಂದರು ಡಾಕ್ಟರ್. ಹಾಗಾದರೆ ಒಗೆಯುವವಳಾಗಿಯೇ ಹೋಗುತ್ತೇನೆ ಎಂದು ಉಂಗುರಗಳನ್ನು ಬಿಚ್ಚಿಟ್ಟಳು.

ಅತ್ತೆ ಸೊಸೆ ಹೋಗಿ ಸೇರಿದ, ಹಳಿ ಮುಗಿಯುವ ಕಡೆ ಇದ್ದ ಹ್ಯಾಲೋವೇ ಎಂಬ ಪೇಟೆಯಲ್ಲಿ ಎಲ್ಲರೂ ಮುಳ್ಳು ಅಲುಗದವರೇ. ಗಟ್ಟಿಗರು, ಕೆಲಸಗಾರರು. ಆದರೆ ಆಚೆ ಬೆಟ್ಟದಲ್ಲಿ ಬೆಳ್ಳಿ ಸಿಕ್ಕಿತಂತೆ ಎಂಬ ಸುದ್ದಿ ಬಂದರೆ ಸಾಕು, ಮನೆಯ ಹಲಗೆಗಳನ್ನೇ ಕಿತ್ತು ಗಾಡಿಗೆ ಹೇರಿ ಹೊರಟುಬಿಡುತ್ತಿದ್ದರು. ಹಿಂದಕ್ಕೆ ಎಳೆಯುವುದು ಏನೂ ಇಲ್ಲದವರಿಗೆ ಇದ್ದಲ್ಲೇ ಇರುವುದಕ್ಕೂ ಕಾರಣವಿರಲಿಲ್ಲ. ಬಿತ್ತಿದ ಗೋಧಿ ಹೊಲದಲ್ಲೇ ಉದುರುತ್ತಿತ್ತು.

ಚಳಿ ಬಂತು. ಪೇಟೆಯಲ್ಲಿ ದೊಡ್ಡ ಒಲೆ ಇದ್ದದ್ದು ಬಾರ್ಬೊರಾಳ ಒಗೆಯುವ ಕೋಣೆಯಲ್ಲಿ ಮಾತ್ರ. ಬೆಚ್ಚಗಿರಲೆಂದು ಸಂಜೆ ಜನ ಬಂದು ಕೂರತೊಡಗಿದರು. ಸುಮ್ಮನೆ ಕುಳಿತ ಕೈಗಳನ್ನು ಕಂಡರೆ ಲುಡ್ಮಿಲಾಳಿಗೆ ಆಗದು. ಮೂಟೆ ಬಿಚ್ಚಿ ಪ್ರತಿಯೊಬ್ಬರ ಮುಂದೂ ಹೆಬ್ಬಾತಿನ ಗರಿಯ ರಾಶಿ ಹಾಕಿದಳು. ಅವರ ಹಳ್ಳಿಯ ಪದ್ಧತಿ ಅದು: ದಂಟಿನಿಂದ ಎಳೆಯನ್ನು ಬಿಡಿಸಿ ರಜಾಯಿಗೆ ತುಂಬಬೇಕು. ಬಿಡಿಸುವಾಗ ಸೀನಬಾರದು, ಜೋರಾಗಿ ನಗಬಾರದು, ಬಾಗಿಲು ತೆರೆಯಬಾರದು, ಎಲ್ಲವೂ ಹಾರಿಹೋಗುತ್ತದೆ. ಆದ್ದರಿಂದ ಜನ ತಗ್ಗಿದ ದನಿಯಲ್ಲಿ ಕತೆ ಹೇಳಬೇಕು. ಯಾರ ರಜಾಯಿಗೆ ಊರೆಲ್ಲ ಕೈ ಹಾಕಿತೋ ಅವರು ಊರವರೆಲ್ಲರ ರಜಾಯಿ ಮುಗಿಯುವ ತನಕ ಬಂದು ಕೂರಲೇಬೇಕು.

ಐರಿಷ್ ಬಡಗಿ ಒಬ್ಬ ಮೊದಲ ದಿನವೇ ಸೀನಿ ಕೋಣೆಯನ್ನೆಲ್ಲ ಬೆಳ್ಳಗೆ ಮಾಡಿದ. ಅಪ್ಪನ ಮನೆಯಲ್ಲಿ ಮೂಗು ಮುಚ್ಚಲು ಕಲಿಸಲಿಲ್ಲವೇ ಎಂದು ಲುಡ್ಮಿಲಾ ಅವನನ್ನು ಚೆನ್ನಾಗಿ ಬೈದಳು. ಆ ಬೈಗಳು ಕೇಳಲೆಂದೇ ಅವನು ಮತ್ತೆ ಬಂದ. ಬೆಳ್ಳಿಯ ಸುದ್ದಿ ಮತ್ತೊಮ್ಮೆ ಬಂದಾಗ, ನಾರ್ವೆಯಿಂದ ಬಂದವರ ರಜಾಯಿ ಇನ್ನೂ ಅರ್ಧಕ್ಕೇ ನಿಂತಿದೆ, ಈಗ ಹೇಗೆ ಹೋಗಲಿ ಎಂದ. ರಜಾಯಿಗಳು ಮುಗಿಯುವುದರೊಳಗೆ ಬಿತ್ತನೆಯ ಕಾಲ ಬಂದಿತ್ತು.

ಮೂರನೆಯ ಚಳಿಗಾಲದಲ್ಲಿ ಲುಡ್ಮಿಲಾ ತೀರಿಕೊಂಡಳು. ಮರಗಟ್ಟಿದ ನೆಲವನ್ನು ಬೆಂಕಿಯಿಂದ ಕಾಯಿಸಿ ಅಗೆದವನು ಆ ಬಡಗಿಯೇ. ಕೋಣೆಯ ಹಿಂದಿನ ಇಳಿಜಾರಿನಲ್ಲಿ, ಯಾರಿಗೂ ಹಂಚದ ಕಂಪನಿಯ ನೆಲದಲ್ಲಿ, ಅವಳನ್ನು ಮಲಗಿಸಿದರು. ಪಾದ್ರಿ ಸಿಗಲಿಲ್ಲ. ಪ್ರಾರ್ಥನೆಯನ್ನು ಬಾರ್ಬೊರಾಳೇ ಹೇಳಿದಳು.

ಬೇಸಿಗೆಯಲ್ಲಿ ಡಾಕ್ಟರ್ ಪ್ರೆಂಟಿಸ್ ಬಂದಿಳಿದರು. ಸುತ್ತಲಿನ ಪೇಟೆಗಳೆಲ್ಲ ಬರಿದಾಗಿದ್ದವು. ಹ್ಯಾಲೋವೇ ಒಂದರಲ್ಲೇ ಹೊಗೆ ಏಳುತ್ತಿತ್ತು, ಗೋಧಿ ನಿಂತಿತ್ತು. ಕಾರಣ ವಿಚಾರಿಸಿದಾಗ ಎಲ್ಲರೂ ಒಗೆಯುವವಳ ಕೋಣೆಯನ್ನು ತೋರಿಸಿದರು. ಡಾಕ್ಟರರು ಪ್ರಾಮಾಣಿಕರು, ಮುಳ್ಳು ಗೆರೆ ದಾಟಿದವಳೇ ಈ ಪೇಟೆಯನ್ನು ಉಳಿಸಿದ್ದಾಳೆಂದು ಕಂಡದ್ದನ್ನು ಕಂಡಂತೆ ತಂತಿಯಲ್ಲಿ ವರದಿ ಮಾಡಿದರು. ಕಂಪನಿ ಕೂಡಲೇ ನಿಯಮವನ್ನು ತಲೆಕೆಳಗು ಮಾಡಿತು: ಇನ್ನು ಮುಂದೆ ಮುಳ್ಳು ಗೆರೆ ದಾಟಿದವರಿಗೇ ಭೂಮಿ.

ಡಾಕ್ಟರರು ಹ್ಯಾಲೋವೇಯಲ್ಲೇ ಹೂಡಿದ ಯಂತ್ರದ ಮುಂದೆ ಎಲ್ಲರಿಗಿಂತ ಮೊದಲು ಬಾರ್ಬೊರಾ ಬಂದು ಕುಳಿತಳು. ಆ ಇಳಿಜಾರೇ ಬೇಕೆಂದಳು. ಡಾಕ್ಟರರು ನಗುತ್ತಲೇ ಪಟ್ಟಿ ಬಿಗಿದು ಅವಳ ಹಳ್ಳಿಯ ಹೆಸರು ಹೇಳಿದರು. ಮುಳ್ಳು ಅಲುಗಲಿಲ್ಲ. ಮನೆ ಎಂದರು. ಅಲುಗಲಿಲ್ಲ. ಗಂಡನ ಸಮಾಧಿ ಎಂದಾಗ ಕೂದಲೆಳೆಯಷ್ಟು ಸರಿದು ಮತ್ತೆ ಹಿಂದಕ್ಕೆ ಬಂತು.

ಬಾರ್ಬೊರಾಳ ಮುಖ ಬಿಳಿಚಿತು. ಭೂಮಿಯ ಮಾತು ಅವಳಿಗೆ ಆ ಕ್ಷಣ ಮರೆತೇಹೋಯಿತು. "ಅವನನ್ನ ಮರೆತುಬಿಟ್ಟೆನಾ ನಾನು?" ಎಂದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಮರೆವಲ್ಲಮ್ಮ, ನೋವು ಮಾಗಿದೆ," ಎಂದರು ಡಾಕ್ಟರ್. ಆಮೇಲೆ ಹೇಳಲೇಬೇಕಾದ ಮಾತನ್ನು ನೆಲ ನೋಡುತ್ತ ಹೇಳಿದರು. "ನಿಮ್ಮಿಂದಲೇ ಆದ ನಿಯಮ ನಿಮಗೇ ಅಡ್ಡ ಬಂತು. ಆ ಇಳಿಜಾರನ್ನ ಬೇರೆಯವರಿಗೆ ಕೊಡಬೇಕಾಗುತ್ತೆ. ನಿಮ್ಮ ಕೋಣೆಯೂ ಆ ನೆಲಕ್ಕೇ ಸೇರಿದ್ದು, ಇಲ್ಲಿಂದ ನೀವು ಹೊರಡಬೇಕು."

ಗಾಜಿನೊಳಗೆ ಟಣ್ ಎಂಬ ಸದ್ದಾಯಿತು. ಡಾಕ್ಟರರು ತಲೆಯೆತ್ತಿದರು. ಮುಳ್ಳು ಕೆಂಪು ಗೆರೆಯಾಚೆಯ ಅಂಚಿಗೆ ಬಡಿದು ಸೊಟ್ಟಗಾಗಿತ್ತು. ಇಷ್ಟು ವರ್ಷ ಸಾವಿರಾರು ಜನರಿಗೆ ಬಿಟ್ಟುಬಂದ ಊರಿನ ಹೆಸರನ್ನಷ್ಟೇ ಕೇಳಿಸಿದ್ದರು. ನಿಂತ ನೆಲವನ್ನು ಬಿಡು ಎಂದು ಯಾರಿಗೂ ಹೇಳಿ ನೋಡಿರಲಿಲ್ಲ.

"ನಾನು ಹೊರಡೋದಿಲ್ಲ," ಎಂದಳು ಬಾರ್ಬೊರಾ.

"ಹೊರಡಬೇಡಿ," ಎಂದು ಡಾಕ್ಟರರು ಆ ಇಳಿಜಾರಿನ ಭೂಮಿಪತ್ರಕ್ಕೆ ಸಹಿ ಹಾಕಿದರು. ಆ ಯಂತ್ರ ಮತ್ತೆ ಸರಿಹೋಗಲಿಲ್ಲ. ಭೂಮಿಗಾಗಿ ಹೊರಗೆ ಸಾಲಿನಲ್ಲಿ ನಿಂತಿದ್ದವರನ್ನು ಅವರು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು, ಇಲ್ಲೇ ನಿಲ್ಲುವಿರಾ ಎಂದು ಬಾಯಿಬಿಟ್ಟು ಕೇಳಬೇಕಾಯಿತು. ಆ ಕೆಲಸ ಬಹಳ ದಿನ ಹಿಡಿಯಿತು.

ಬಾರ್ಬೊರಾ ಅಷ್ಟರಲ್ಲಿ ಸುತ್ತಿಗೆ ಹಿಡಿದು ಇಳಿಜಾರಿಗೆ ಹೋಗಿದ್ದಳು. ಎಲ್ಲೆಯ ಗೂಟಗಳನ್ನು ಒಂದೊಂದಾಗಿ ಬಲವಾಗಿ ಹೊಡೆದಳು. ಒಂದು ಗೂಟ ಅತ್ತೆಯ ತಲೆದೆಸೆಗೆ ಬಂತು. ಅದೊಂದನ್ನು ಮಾತ್ರ ಮೆಲ್ಲಗೆ ಹೊಡೆದಳು.