ಏಳು ಕುಳ್ಳರ ಮನೆ ಕಟ್ಟಿದವರು ಯಾರು?

"ಸಾರ್, ನಮ್ಮನೇಲಿ ಕೊಲೆ ಆಗಿದೆ ಅಂತ ನಮ್ಮ ಮಾವ ಬೆಳಗ್ಗೆಯಿಂದ ಬೀದಿಗೆಲ್ಲ ಹೇಳ್ತಿದ್ದಾರೆ. ಸತ್ತಿರೋದು ಒಂದು ರಟ್ಟಿನ ಪೆಟ್ಟಿಗೆ. ಕೊಂದವಳು ನಾನಂತೆ."

ಸರ್ವೇಯರರ ಮನೆಯ ಬಾಗಿಲಲ್ಲಿ ನಿಂತು ಆ ಹೆಣ್ಣುಮಗಳು ಹೀಗೆಂದಾಗ, ಒಳಗೆ ಚಹಾ ಕುಡಿಯುತ್ತಿದ್ದ ಸ್ಟುಡಿಯೋದವರಿಗೆ ನಗು ಬಂತು. ಅತ್ತು ಅತ್ತು ಕೆಂಪಾಗಿದ್ದ ಅವಳ ಕಣ್ಣು ಕಂಡು ನಗುವನ್ನು ಚಹಾದ ಜೊತೆಗೇ ನುಂಗಿಕೊಂಡರು.

ಸರ್ವೇಯರರು ವಿಮಾ ಕಂಪನಿಯಲ್ಲಿ ನಷ್ಟದ ತನಿಖೆ ಮಾಡಿ ನಿವೃತ್ತರಾದವರು. ಬೆಂಕಿ ಬಿದ್ದ ಗೋದಾಮು, ಕಳುವಾದ ಒಡವೆ, ಮುಳುಗಿದ ಲಾರಿ, ಅವುಗಳ ಪಕ್ಕದಲ್ಲಿ ಎದೆ ಬಡಿದುಕೊಳ್ಳುವ ಮಾಲೀಕರು, ಇದನ್ನೆಲ್ಲ ನೋಡುತ್ತಲೇ ತಲೆ ಹಣ್ಣಾಗಿತ್ತು. ಸುಳ್ಳು ಹೇಳುವವರನ್ನು ಅವರು ಕ್ಷಮಿಸುತ್ತಿದ್ದರು; ನಂಬುವವರನ್ನು ಕ್ಷಮಿಸುತ್ತಿರಲಿಲ್ಲ. ಕೆಳಗಿನ ಮಹಡಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಒಬ್ಬ ಗೆಳೆಯರು, ಈ ಸ್ಟುಡಿಯೋದವರು, ಕ್ಯಾಮೆರಾ ಹೆಗಲಿಗೇರಿಸಿ ಅವರ ಹಿಂದೆ ಹೋಗದ ಪ್ರಕರಣವೇ ಇರಲಿಲ್ಲ.

ಬಂದವಳು ಎದುರುಮನೆಯ ಸೊಸೆ. ಅತ್ತೆ ಇಲ್ಲದ ಮನೆ. ಮಾವ, ಗಂಡ, ಮೈದುನ, ಮೂವರು ಗಂಡಸರಿಗೆ ಇವಳೊಬ್ಬಳು. ಮಾವ ನಿವೃತ್ತ ಬ್ಯಾಂಕ್ ಮ್ಯಾನೇಜರು. ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸಿ ಮನೆ, ಕೋಟೆ, ಹಡಗು ಕಟ್ಟುವ ಆಟಿಕೆ ಸೆಟ್‌ಗಳನ್ನು ಕೂಡಿಡುವ ಹುಚ್ಚು ಅವರಿಗೆ. ಕಟ್ಟುವ ಹುಚ್ಚಲ್ಲ, ಕೂಡಿಡುವ ಹುಚ್ಚು. ಸೀಲ್ ಒಡೆದರೆ ಬೆಲೆ ಹೋಯಿತು ಎಂಬುದು ಅವರ ಧರ್ಮ. ಆ ಮನೆಗೆ ಬಂದ ನೆಂಟರ ಮಕ್ಕಳು ಗಾಜಿನ ಕಪಾಟಿನ ಮುಂದೆ ಕೈಕಟ್ಟಿ ಕೂತು, ಬಿಸ್ಕತ್ತು ತಿಂದು, ಅಳುತ್ತ ಹೋಗುತ್ತಿದ್ದವು.

ಕಪಾಟಿನ ನಡುಮಧ್ಯೆ ಇದ್ದದ್ದು ಏಳು ಕುಳ್ಳರ ಮನೆಯ ಸೆಟ್. ಮಲತಾಯಿ ವಿಷದ ಸೇಬು ತಿನ್ನಿಸಿದ ರಾಜಕುಮಾರಿಯ ಕತೆಯದು. ತಯಾರಿಕೆ ನಿಂತು ಎಷ್ಟೋ ಕಾಲವಾಗಿತ್ತು. ಸೋಮವಾರ ಸಂಗ್ರಾಹಕರ ಸಂಘದವರು ಬಂದು, ಅದನ್ನು ತೂಗಿ, ಪರೀಕ್ಷಿಸಿ, ಪ್ರದರ್ಶನಕ್ಕೆ ಒಯ್ಯುವವರಿದ್ದರು. ಶನಿವಾರ ಸಂಜೆ ಗಂಡಸರೆಲ್ಲ ನೆಂಟರ ಆರತಕ್ಷತೆಗೆ ಹೋಗಿ ಬಂದು ನೋಡಿದರೆ, ಊಟದ ಮೇಜಿನ ಮೇಲೆ ಮನೆ ಕಟ್ಟಿ ನಿಂತಿತ್ತು. ಪಕ್ಕದಲ್ಲಿ ಕಟ್ಟುವ ಕ್ರಮದ ಪುಸ್ತಕ, ಹರಿದ ಪೆಟ್ಟಿಗೆ ಬಿದ್ದಿದ್ದವು.

"ಮನೇಲಿ ಇದ್ದವಳು ನಾನೊಬ್ಬಳೇ ಸಾರ್. ಜ್ವರ ಬಂದು ಮಹಡಿ ಕೋಣೇಲಿ ಬಾಗಿಲು ಹಾಕ್ಕೊಂಡು ಮಲಗಿದ್ದೆ. ಹೋದ ತಿಂಗಳು ನೆಂಟರ ಎದುರು 'ಆಡದೆ ಇರೋ ಆಟಿಕೆ ಯಾಕೆ ಮಾವ' ಅಂತ ಬಾಯಿ ತಪ್ಪಿ ಕೇಳಿದ್ದೆ. ಈಗ ಅದೇ ಸಾಕ್ಷಿ."

"ಮಧ್ಯೆ ಯಾರೂ ಬರಲಿಲ್ವಾ?"

"ಮೈದುನ ಬಂದಿದ್ರು. ಗಿಫ್ಟ್ ಮರೆತೋಗಿದೆ ಅತ್ತಿಗೆ, ತಗೊಂಡು ಹೋಗ್ತೀನಿ ಅಂತ ಕೆಳಗಿಂದ ಕೂಗಿದ್ರು. ಬಾಗಿಲು ತೆಗೆದು ಹಾಕಿ ಕಾರಿಗೂ ಮನೆಗೂ ಎರಡು ಸಲ ಓಡಾಡಿದ ಸದ್ದಾಯ್ತು. ಕಾಲು ಗಂಟೇಲಿ ಹೊರಟೇ ಹೋದ್ರು. ಅಷ್ಟರಲ್ಲಿ ಯಾರು ತಾನೆ ಮನೆ ಕಟ್ತಾರೆ? ಇಡೀ ಸಂಜೆ ಇದ್ದವಳು ನಾನು."

"ಈಗ ಏನಂತಾರೆ?"

"ಸಂಘದವರ ಎದುರು ತಪ್ಪೊಪ್ಪಿಕೊಂಡು ಕಾಲಿಗೆ ಬೀಳಬೇಕಂತೆ. ಇಲ್ಲಾಂದ್ರೆ ತವರಿಗೆ ಹೋಗಬೇಕಂತೆ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಆ ಮನೇಲಿ ಇರ್ತೀನೋ ಬಿಡ್ತೀನೋ, ಅದು ಬೇರೆ ಮಾತು ಸಾರ್. ಮಾಡದೆ ಇರೋ ತಪ್ಪು ಹೊತ್ಕೊಂಡು ಮಾತ್ರ ನಾನು ಹೊಸ್ತಿಲು ದಾಟಲ್ಲ."

ಸರ್ವೇಯರರು ಚಪ್ಪಲಿ ಮೆಟ್ಟಿದರು.

ಎದುರುಮನೆಯ ಹಜಾರದಲ್ಲಿ ಹೆಣ ಇಟ್ಟ ಮನೆಯ ಕಳೆ ಇತ್ತು. ಮಾವನವರು ಆರಾಮಕುರ್ಚಿಯಲ್ಲಿ ತಲೆಗೆ ಒದ್ದೆ ಬಟ್ಟೆ ಹಾಕಿಕೊಂಡು ಒರಗಿದ್ದರು. ಹಿರಿಮಗ, ಅಂದರೆ ಅವಳ ಗಂಡ, ಬೀಸಣಿಗೆ ಹಿಡಿದು ನಿಂತಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ. ಹೆಂಡತಿ ಒಳಗೆ ಬಂದರೂ ತಲೆ ಎತ್ತಲಿಲ್ಲ. ಟೈಲ್ಸ್ ಅಂಗಡಿ ನಡೆಸುವ ಕಿರಿಮಗ ಮಾತ್ರ ಲವಲವಿಕೆಯಿಂದ ಎದುರುಗೊಂಡ.

"ಬನ್ನಿ ಅಂಕಲ್. ಅತ್ತಿಗೆಗೆ ಸ್ವಲ್ಪ ಬುದ್ಧಿ ಹೇಳಿ. ಏನೋ ಸಿಟ್ಟಲ್ಲಿ ಮಾಡಿದ್ದಾರೆ. ಕ್ಷಮಿಸಿಬಿಡಿ ಅಂತ ಅಪ್ಪಂಗೆ ನಾನೇ ಹೇಳ್ತಿದ್ದೀನಿ."

"ದೊಡ್ಡ ಮನಸ್ಸು ನಿಮ್ದು," ಎಂದರು ಸರ್ವೇಯರರು.

ಮೇಜಿನ ಮೇಲಿದ್ದ ಮನೆ ನಿಜಕ್ಕೂ ಚೆನ್ನಾಗಿತ್ತು. ಬಿಳಿ ಗೋಡೆ, ಕಂದು ಮಾಡು, ಅಂಗಳದಲ್ಲಿ ಪುಟ್ಟ ಬಾವಿ, ಏಳು ಮಂಚ, ಏಳು ಕುಳ್ಳರು. ಸ್ಟುಡಿಯೋದವರು ನಾಲ್ಕೂ ಕಡೆಯಿಂದ ಫೋಟೋ ತೆಗೆದರು. "ಎಡಗಡೆ ಗೋಡೆ ಹಳದಿ ಬರ್ತಿದೆ ಸಾರ್. ಕಿಟಕಿ ಬೆಳಕಿನ ಚೇಷ್ಟೆ," ಎಂದರು. ಸರ್ವೇಯರರು ಮನೆಯನ್ನು ಅಡಿಯ ಹಲಗೆ ಸಮೇತ ತಿರುಗಿಸಿಟ್ಟು ಇನ್ನೊಂದು ತೆಗೆಯಲು ಹೇಳಿದರು. ಅದೇ ಗೋಡೆ ಮತ್ತೆ ಹಳದಿಯೇ ಬಂತು. ಕ್ಯಾಮೆರಾಕ್ಕೂ ವಯಸ್ಸಾಯಿತು ಎಂದುಕೊಂಡು ಸ್ಟುಡಿಯೋದವರು ಸುಮ್ಮನಾದರು.

ಹರಿದ ಪೆಟ್ಟಿಗೆಯ ಮೂಲೆಯೊಳಗೆ ಸರ್ವೇಯರರು ಬೆರಳಾಡಿಸಿದರು. ಬೆರಳಿಗೆ ಒರಟು ಬಿಳಿ ಪುಡಿ ಮೆತ್ತಿತು. ತಳದ ಅಂಟನ್ನು ಉಗುರಿನಿಂದ ಕೆರೆದರೆ ಒಂದರ ಮೇಲೊಂದು ಎರಡು ಪದರ ಎದ್ದವು. ಆಮೇಲೆ ಅವರು ಅಡುಗೆಮನೆಗೆ ಹೋಗಿ ಕಸದ ಬುಟ್ಟಿಯನ್ನು ಹಳೆಯ ಪೇಪರಿನ ಮೇಲೆ ಸುರಿದರು. ಮಾತ್ರೆಯ ಹಾಳೆ, ಚಹಾದ ಚರಟ, ಬ್ರೆಡ್ಡಿನ ಕವರು.

"ಕಸದವನು ಇವತ್ತು ಬಂದಿದ್ನಾ?"

"ಭಾನುವಾರ ಬರಲ್ಲ," ಎಂದಳು ಸೊಸೆ.

ಹಜಾರಕ್ಕೆ ಬಂದು ಮಾವನವರನ್ನು ಕೇಳಿದರು: "ಯಜಮಾನರೇ, ಈ ಪೆಟ್ಟಿಗೇನ ಯಾವತ್ತಾದ್ರೂ ಅಲ್ಲಾಡಿಸಿ ನೋಡಿದ್ದೀರಾ?"

ಮಾವನವರು ಒದ್ದೆ ಬಟ್ಟೆ ತೆಗೆದು ಎದ್ದು ಕೂತರು. "ಅಲ್ಲಾಡಿಸೋದಾ? ಧೂಳು ಒರೆಸುವಾಗಲೂ ಉಸಿರು ಬಿಗಿ ಹಿಡೀತೀನಿ ನಾನು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಇಟ್ಟಿದ್ದೀನಿ."

"ಕಪಾಟಿನ ಬೀಗದ ಕೈ?"

"ಮೇಜಿನ ಡ್ರಾಯರಿನಲ್ಲಿ. ಮನೆಯವರಿಗೆಲ್ಲ ಗೊತ್ತು."

"ಸರಿ. ಸಂಜೆ ಎಲ್ಲರೂ ಇಲ್ಲೇ ಇರಿ. ಈ ಮನೆ ಕಟ್ಟಿದವರು ಯಾರು ಅಂತ ಹೇಳ್ತೀನಿ."

ಸಂಜೆ ಎಲ್ಲರೂ ಊಟದ ಮೇಜಿನ ಸುತ್ತ ಕೂತರು. ಸೊಸೆಯ ಬಟ್ಟೆಚೀಲ ಆಗಲೇ ಬಾಗಿಲ ಬಳಿ ಬಂದು ಕೂತಿತ್ತು, ತಂದಿಟ್ಟವರು ಮಾವನವರೇ. ಸರ್ವೇಯರರು ಅಂಗಳದ ಬಾವಿಯನ್ನು ಕಿತ್ತು, ಬಿಡಿಬಿಡಿ ಮಾಡಿ ತಟ್ಟೆಗೆ ಸುರಿದರು. ಮಾವನವರು ಕರುಳು ಕಿತ್ತಂತೆ ನರಳಿದರು.

"ಹೆದರಬೇಡಿ, ಹೇಗೂ ಬೆಲೆ ಹೋಗಿದೆ. ಪುಸ್ತಕದಲ್ಲಿ ಈ ಬಾವಿ ಕಟ್ಟೋ ಕ್ರಮ ನಾಲ್ಕೇ ಪುಟ. ಅಪ್ಪ ಮಕ್ಕಳು ಮೂರೂ ಜನ ಸೇರಿ ಕಟ್ಟಿ. ನಾವು ಚಹಾ ಕುಡೀತೀವಿ."

ಮುಂದಿನದು ನೋಡುವಂತಿತ್ತು. ಜೀವಮಾನವೆಲ್ಲ ಇಟ್ಟಿಗೆ ಸೆಟ್‌ಗಳ ಬಗ್ಗೆ ಭಾಷಣ ಬಿಗಿದ ಮಾವನವರಿಗೆ ಎರಡು ಇಟ್ಟಿಗೆ ಹೇಗೆ ಕಚ್ಚಿಕೊಳ್ಳುತ್ತವೆ ಎಂಬುದೇ ತಿಳಿದಿರಲಿಲ್ಲ. ಹಿರಿಮಗ ಪ್ರತಿ ಇಟ್ಟಿಗೆಗೂ ಅಪ್ಪನ ಮುಖ ನೋಡಿದ. ಕಿರಿಮಗ ರಾಟೆಯನ್ನು ತಲೆಕೆಳಗು ಕೂರಿಸಿ, ಬೈದು, ಕಿತ್ತ. ಚಹಾ ಮುಗಿಯಿತು, ಇನ್ನೊಂದು ಸುತ್ತು ಚಹಾ ಬಂತು, ಅದೂ ಮುಗಿಯಿತು. ಬಾವಿಯ ಕಟ್ಟೆ ಅರ್ಧ ಎದ್ದಿತ್ತು. ಇಷ್ಟು ದಡ್ಡತನವನ್ನು ಒಂದೇ ಮೇಜಿನ ಮೇಲೆ ಸ್ಟುಡಿಯೋದವರು ಮದುವೆಮನೆಗಳಲ್ಲೂ ಕಂಡಿರಲಿಲ್ಲ.

"ಸಾಕು ಬಿಡಿ," ಎಂದರು ಸರ್ವೇಯರರು. "ನಾಲ್ಕು ಪುಟಕ್ಕೆ ಈ ಗತಿ. ಪುಸ್ತಕ ಎಷ್ಟು ದಪ್ಪ ಇದೆ ನೋಡಿ. ಕೈ ಪಳಗಿದವರಿಗೂ ದಿನಗಟ್ಟಲೆ ಬೇಕು. ಜ್ವರ ಬಂದ ಹುಡುಗಿ ಒಂದು ಸಂಜೇಲಿ ಕಟ್ಟಿದಳು ಅಂದ್ರಿ, ಎಲ್ಲರೂ ಹೌದು ಅಂದ್ರಿ. ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜನ ನೀವು. ಕಪಾಟು ತುಂಬ ಸೆಟ್ ಇಟ್ಕೊಂಡು, ಕಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ಗೊತ್ತಿಲ್ಲದ ಮನೆ ಭೂಮಿ ಮೇಲೆ ಇದೊಂದೇ ಇರಬೇಕು."

"ಹಾಗಾದ್ರೆ ಕಟ್ಟಿದ್ದು ಯಾರು?" ಮಾವನವರ ದನಿ ಇಳಿದಿತ್ತು.

"ಈ ಮನೆಯವರು ಯಾರೂ ಅಲ್ಲ. ಎಲ್ಲೋ ಯಾರೋ ವರ್ಷಗಳ ಹಿಂದೆ ಕಟ್ಟಿ, ಕಿಟಕಿ ಪಕ್ಕ ಇಟ್ಟಿದ್ರು. ನಮ್ಮ ಸ್ಟುಡಿಯೋದವರ ಕ್ಯಾಮೆರಾ ಕೆಟ್ಟಿಲ್ಲ. ಬಿಳಿ ಪ್ಲಾಸ್ಟಿಕ್ ಬಿಸಿಲು ಕುಡಿದು ಹಳದಿಯಾಗಿದೆ, ಅದೂ ಒಂದೇ ಕಡೆ. ಕತ್ತಲೆ ಪೆಟ್ಟಿಗೇಲಿದ್ದ ಇಟ್ಟಿಗೆಗೆ ಬಿಸಿಲು ಎಲ್ಲಿಂದ ಬರಬೇಕು? ಇನ್ನು, ಹೊಸ ಸೆಟ್ ಒಡೆದ್ರೆ ಪ್ಲಾಸ್ಟಿಕ್ ಚೀಲದ ರಾಶಿನೇ ಬೀಳುತ್ತೆ. ಕಸದ ಬುಟ್ಟೀಲಿ ಒಂದೂ ಇಲ್ಲ. ಯಾರೋ ಕಟ್ಟಿದ ಹಳೇ ಮನೇನ ತಂದು ಇಟ್ಟಿದ್ದಾರೆ, ಅಷ್ಟೆ. ಕಟ್ಟೋಕೆ ಒಂದು ಸಂಜೆ ಸಾಲದು. ತಂದು ಇಡೋಕೆ ಕಾಲು ಗಂಟೆ ಧಾರಾಳ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕಿರಿಮಗ ಕುರ್ಚಿ ಹಿಂದಕ್ಕೆ ತಳ್ಳಿದ. "ಏನಂಕಲ್, ನನ್ನ ಮೇಲೆ ಬರ್ತಿದ್ದೀರಾ? ನಾನು ಗಿಫ್ಟ್ ತಗೊಳ್ಳೋಕೆ ಬಂದಿದ್ದು."

"ಗಿಫ್ಟ್ ಏನಪ್ಪಾ?"

"ಕೈಗಡಿಯಾರ."

"ಜೇಬಲ್ಲಿ ಹಿಡಿಯೋ ಗಡಿಯಾರಕ್ಕೆ ಕಾರಿಗೂ ಮನೆಗೂ ಎರಡು ಸಲ ಓಡಾಡಿದ್ದೀಯ. ಒಂದು ಸಲ ಈ ಮನೆ ಒಳಗೆ ಬಂತು. ಇನ್ನೊಂದು ಸಲ ಪೆಟ್ಟಿಗೆಯೊಳಗೆ ಇದ್ದದ್ದು ಹೊರಗೆ ಹೋಯ್ತು."

"ಏನಿತ್ತು?" ಎಂದರು ಮಾವನವರು.

ಸರ್ವೇಯರರು ಹರಿದ ಪೆಟ್ಟಿಗೆಯನ್ನು ಮೇಜಿನ ಮೇಲೆ ಕುಟ್ಟಿದರು. ಬಿಳಿ ಪುಡಿ ಉದುರಿತು. "ಟೈಲ್ಸ್ ಚೂರು. ನಿಮ್ಮ ಮಗನ ಅಂಗಡಿ ಹಿತ್ತಲಲ್ಲಿ ರಾಶಿ ಬಿದ್ದಿದೆ, ಮಧ್ಯಾಹ್ನ ಹೋಗಿ ನೋಡಿ ಬಂದೆ. ತಳದ ಅಂಟು ಎರಡು ಪದರ ಇದೆ, ಒಂದು ಕಾರ್ಖಾನೇದು, ಒಂದು ಇವನದು. ತಳ ಬಿಚ್ಚಿ, ಒಳಗಿದ್ದ ಅಸಲಿ ಸೆಟ್ ಯಾವತ್ತೋ ಮಾರಿ, ಚೂರು ತುಂಬಿ, ಅಂಟಿಸಿ ಇಟ್ಟ. ನೀವು ಇಷ್ಟು ದಿನ ಉಸಿರು ಬಿಗಿ ಹಿಡಿದು ಧೂಳು ಒರೆಸಿದ್ದು ಬಚ್ಚಲುಮನೆ ಟೈಲ್ಸಿಗೆ. ಒಂದೇ ಒಂದು ಸಲ ಅಲ್ಲಾಡಿಸಿದ್ರೆ ಗೊತ್ತಾಗೋದು. ಸೋಮವಾರ ಸಂಘದವರು ಅಲ್ಲಾಡಿಸ್ತಾರೆ ಅಂತ ಇವನಿಗೆ ಗೊತ್ತಿತ್ತು. ಅದಕ್ಕೆ ಯಾರದೋ ಹಳೇ ಮನೇನ ಪುಸ್ತಕ ಸಮೇತ ತಂದಿಟ್ಟು, ಪೆಟ್ಟಿಗೆ ಹರಿದ. ಮಲಗಿದ್ದ ಅತ್ತಿಗೆ ಅನಾಯಾಸವಾಗಿ ಸಿಕ್ಕಳು. ಮಕ್ಕಳ ಆಟಿಕೆ ತಾನೆ, ಒಂದು ಸಂಜೆ ಸಾಕು ಅಂದ್ಕೊಂಡ. ಅಲ್ಲೇ ಜಾರಿದ."

ಕಿರಿಮಗ ತಟ್ಟೆಯಲ್ಲಿದ್ದ ಇಟ್ಟಿಗೆಗಳನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಭುಜ ಹಾರಿಸಿದ. "ಹೂಂ, ಮಾರಿದೆ. ನನ್ನ ಮಗ ಕಾರು ತಗೊಂಡ ಅಂತ ಬೀದೀಲೆಲ್ಲ ಮೆರೆದ್ರಲ್ಲ ಅಪ್ಪಾ, ಅದರ ಮುಂಗಡ ಇದೇ ದುಡ್ಡು. ನೀವು ಹೇಗೂ ಅದನ್ನ ತೆಗಿಯಲ್ಲ, ನೋಡಲ್ಲ. ಒಳಗೆ ಏನಿದ್ರೆ ನಿಮಗೇನು?"

ಸ್ಟುಡಿಯೋದವರಿಗೆ ಮಾವನವರ ಮೇಲೆ ಕನಿಕರ ಬರಬೇಕಿತ್ತು, ಬರಲಿಲ್ಲ. ಮಗ ಕಳ್ಳನಾದದ್ದಕ್ಕೆ ಅವರು ಬೈಯಲಿಲ್ಲ. ಸೊಸೆಯ ಕಡೆ ತಿರುಗಿಯೂ ನೋಡಲಿಲ್ಲ. ಮಗನ ತೋಳು ಹಿಡಿದು, "ಯಾರಿಗೆ ಮಾರಿದೆ ಹೇಳೋ, ಅವರು ಒಳಗಿನ ಚೀಲಗಳ ಸೀಲ್ ಒಡೆದಿಲ್ಲ ತಾನೆ?" ಎಂದು ಕೇಳಿದರು.

ಆಗ ಗಂಡನೆನಿಸಿಕೊಂಡವನು ಮೊದಲ ಬಾರಿ ಬಾಯಿ ಬಿಟ್ಟ. ನಗುತ್ತಲೇ ಹೆಂಡತಿಯನ್ನು ನೋಡಿ, "ಎಲ್ಲ ಸರಿ ಹೋಯ್ತಲ್ಲ. ಚೀಲ ಒಳಗಿಡು," ಎಂದ.

ಅವಳು ಅಲ್ಲಾಡಲಿಲ್ಲ. "ಒಂದು ಮಾತು ಕೇಳ್ತೀನಿ. ನಾನು ಮಾಡಿಲ್ಲ ಅಂತ ನಿನ್ನೆ ನಿಮಗೆ ಅನ್ನಿಸಿತ್ತಾ?"

"ಅನ್ನಿಸೋದೇನು, ಚೆನ್ನಾಗಿ ಗೊತ್ತಿತ್ತು. ಜ್ವರದಲ್ಲಿ ಏಳೋಕೂ ಆಗ್ತಿರಲಿಲ್ಲ ನಿಂಗೆ. ಆದ್ರೆ ಅಪ್ಪನ ಎದುರು ಹೇಗೆ ಹೇಳೋದು?"

"ಗೊತ್ತಿರಲಿಲ್ಲ ಅಂದಿದ್ರೆ ಉಳೀತಿದ್ದೆ," ಎಂದಳು ಅವಳು.

ಚೀಲ ಎತ್ತಿಕೊಂಡು ಹೊಸ್ತಿಲು ದಾಟಿದಳು. ಸ್ಟುಡಿಯೋದವರು ಅವಳ ಕೈಯಿಂದ ಚೀಲ ಇಸಿದುಕೊಂಡು ಬಸ್ ನಿಲ್ದಾಣದವರೆಗೂ ಜೊತೆಗೆ ನಡೆದರು. ಹಿಂದಿನಿಂದ ಯಾರೂ ಕರೆಯಲಿಲ್ಲ.